ಇಂಜಿನಿಯರಿಂಗ್ ಟೆಕ್ನಾಲಜಿಯೋ, ಇಂಜಿನಿಯರಿಂಗೋ? ಹೊಸನಗರದ ಮನೆಯೊಂದರ ಪ್ರಕರಣ

ಹುಡುಗಿ ಹೊಸನಗರ ತಾಲ್ಲೂಕಿನವಳು. ಎಸ್ಸೆಸ್ಸೆಲ್ಸಿ ಆದ ಮೇಲೆ ಪಿಯುಸಿಗೆ ಹೋಗಲಿಲ್ಲ. ಸೀದಾ ಜಿಲ್ಲೆಯ ಒಂದು ಪಾಲಿಟೆಕ್ನಿಕ್ ಸೇರಿ ಮೆಕ್ಯಾನಿಕಲ್ ಡಿಪ್ಲೊಮಾ ಮುಗಿಸಿದಳು. ಒಳ್ಳೆಯ ಅಂಕ ಬಂದಿತ್ತು. ಮನೆಯಲ್ಲಿ ಎರಡೂವರೆ ಎಕರೆ ಅಡಿಕೆ ತೋಟ. ಅಪ್ಪ ತೋಟದ ಜೊತೆಗೆ ಸುತ್ತಲಿನ ಊರುಗಳ ಪಂಪ್‌ಸೆಟ್ ರಿಪೇರಿ ಮಾಡುತ್ತಾರೆ. ಅಜ್ಜನ ಕಾಲದ ಮನೆ ಲಿಂಗನಮಕ್ಕಿ ಹಿನ್ನೀರಿನಲ್ಲಿ ಹೋಯಿತು. 1964ರಲ್ಲಿ ಅಣೆಕಟ್ಟು ಮುಗಿಯುವ ಹೊತ್ತಿಗೆ ಅವರು ಎತ್ತರದ ಜಾಗಕ್ಕೆ ಬಂದು ಹೊಸದಾಗಿ ಸಸಿ ನೆಟ್ಟಿದ್ದರು. ಈ ಹಳೇ ಸಂಗತಿಗೂ ಈ ಪ್ರಕರಣಕ್ಕೂ ಸಂಬಂಧ ಇದೆ. ಆ ಮನೆಯಲ್ಲಿ ಇಂಜಿನಿಯರ್ ಅಂದರೆ ಶರಾವತಿ ಯೋಜನೆಯ ಜೀಪಿನಲ್ಲಿ ಬರುತ್ತಿದ್ದ ಮನುಷ್ಯ. ಅಪ್ಪನ ತಲೆಯಲ್ಲಿ ಇವತ್ತಿಗೂ ಅದೇ ಚಿತ್ರ.

ಡಿಪ್ಲೊಮಾ ಮುಗಿದ ವರ್ಷ ಆ ಮನೆಗೆ ಎರಡು ದಾರಿ ಕಂಡವು. ಒಂದು ಎಲ್ಲರೂ ಹೋಗುವ ದಾರಿ. ಡಿಪ್ಲೊಮಾ ಮಾಡಿದವರಿಗೆ ಕರ್ನಾಟಕ ಪರೀಕ್ಷಾ ಪ್ರಾಧಿಕಾರ (ಕೆಇಎ) ನಡೆಸುವ ಡಿಸಿಇಟಿ ಎಂಬ ಪ್ರವೇಶ ಪರೀಕ್ಷೆ ಬರೆದು, ಲ್ಯಾಟರಲ್ ಎಂಟ್ರಿಯಲ್ಲಿ ಬಿಇ ಎರಡನೇ ವರ್ಷಕ್ಕೆ ಸೇರುವುದು. ಶಿವಮೊಗ್ಗದಲ್ಲೇ ಸೀಟು ಸಿಗುವಷ್ಟು ರ‍್ಯಾಂಕ್ ಬಂದಿತ್ತು. ಇನ್ನೊಂದು ದಾರಿ ಅಮೆರಿಕದ ಮಿಷಿಗನ್‌ನಲ್ಲಿರುವ ಸೋದರಮಾವ ತೋರಿಸಿದ್ದು. ಅಲ್ಲಿನ ಒಂದು ಸರ್ಕಾರಿ ವಿಶ್ವವಿದ್ಯಾಲಯದಲ್ಲಿ ಮೆಕ್ಯಾನಿಕಲ್ ಇಂಜಿನಿಯರಿಂಗ್ ಟೆಕ್ನಾಲಜಿ ಎಂಬ ಬ್ಯಾಚುಲರ್ ಪದವಿ. ನಾಲ್ಕು ವರ್ಷದ ಕೋರ್ಸ್, ಆದರೆ ಡಿಪ್ಲೊಮಾ ಮಾಡಿದವರಿಗೆ ಆಗಲೇ ಓದಿದ ಪಾಠಗಳ ಕ್ರೆಡಿಟ್ ಕಳೆದು ಎರಡೇ ವರ್ಷದಲ್ಲಿ ಮುಗಿಯುತ್ತದೆ ಅಂತ ಮಾವನ ಲೆಕ್ಕ.

ನಾನು ಮೆಕ್ಯಾನಿಕಲ್ ಪಾಠ ಮಾಡುವವನು. ಅಪ್ಪ, ಮಗಳು ಇಬ್ಬರೂ ಕಾಗದಗಳನ್ನು ಹಿಡಿದುಕೊಂಡು ಬಂದರು. ಅಪ್ಪನ ಪ್ರಶ್ನೆ ನೇರವಾಗಿತ್ತು: ‘ಎಂಥ ವ್ಯತ್ಯಾಸ ಮಾರಾಯ್ರೆ? ಎರಡರಲ್ಲೂ ಇಂಜಿನಿಯರಿಂಗ್ ಇದೆಯಲ್ಲ.’ ಅವರ ಒಪ್ಪಿಗೆ ಪಡೆದು, ಗುರುತು ಸಿಗದಂತೆ ಕೆಲವು ವಿವರ ಬದಲಿಸಿ ಇದನ್ನು ಬರೆಯುತ್ತಿದ್ದೇನೆ.

ನಮ್ಮಲ್ಲಿ ಇಲ್ಲದ ಮೆಟ್ಟಿಲು

ಗೊಂದಲದ ಮೂಲ ಇಲ್ಲಿದೆ. ನಮ್ಮಲ್ಲಿ ಎರಡೇ ಮೆಟ್ಟಿಲು: ಡಿಪ್ಲೊಮಾ, ಆಮೇಲೆ ಬಿಇ ಅಥವಾ ಬಿಟೆಕ್. ಬಿಇಗೂ ಬಿಟೆಕ್‌ಗೂ ಕಾನೂನಿನಲ್ಲಾಗಲಿ ಕೆಲಸದಲ್ಲಾಗಲಿ ವ್ಯತ್ಯಾಸ ಇಲ್ಲ. ಐಐಟಿಯವರು ಬಿಟೆಕ್ ಅನ್ನುತ್ತಾರೆ, ನಮ್ಮ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ (ವಿಟಿಯು) ಬಿಇ ಅನ್ನುತ್ತದೆ, ಅಷ್ಟೇ. ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ 1917ರಲ್ಲಿ ಬೆಂಗಳೂರಿನಲ್ಲಿ ಇಂಜಿನಿಯರಿಂಗ್ ಕಾಲೇಜು ಶುರುವಾಯಿತು. 1943ರಲ್ಲಿ ಅದೇ ಊರಿನಲ್ಲಿ ಆಕ್ಯುಪೇಷನಲ್ ಇನ್‌ಸ್ಟಿಟ್ಯೂಟ್ ಬಂತು, ಅದೇ ಈಗಿನ ಎಸ್‌ಜೆ ಪಾಲಿಟೆಕ್ನಿಕ್. ಅದರ ಹಿಂದೆಯೂ ಅವರೇ ಇದ್ದರು. ಎರಡು ಕೆಲಸಕ್ಕೆ ಎರಡು ಶಾಲೆ. ನಡುವೆ ಇನ್ನೊಂದು ನಾಲ್ಕು ವರ್ಷದ ಪದವಿ ಬೇಕು ಅಂತ ಯಾರಿಗೂ ಅನ್ನಿಸಲಿಲ್ಲ.

ಅಮೆರಿಕದಲ್ಲಿ ಅನ್ನಿಸಿತು. ಇಂಜಿನಿಯರಿಂಗ್ ಶಿಕ್ಷಣದ ಬಗ್ಗೆ 1955ರಲ್ಲಿ ಬಂದ ಗ್ರಿಂಟರ್ ವರದಿಯ ನಂತರ ಅಲ್ಲಿನ ಇಂಜಿನಿಯರಿಂಗ್ ಕಾಲೇಜುಗಳು ವಿಜ್ಞಾನ, ಗಣಿತದ ಕಡೆಗೆ ಬಲವಾಗಿ ವಾಲಿದವು. ವರ್ಕ್‌ಶಾಪ್, ಡ್ರಾಯಿಂಗ್ ಕಡಿಮೆಯಾಯಿತು. ಆದರೆ ಕಾರ್ಖಾನೆಗಳಿಗೆ ಯಂತ್ರದ ಹತ್ತಿರ ನಿಂತು ಕೆಲಸ ಮಾಡಬಲ್ಲ ಪದವೀಧರರು ಬೇಕೇ ಇತ್ತು. ಆ ಜಾಗ ತುಂಬಲು ನಾಲ್ಕು ವರ್ಷದ ಇಂಜಿನಿಯರಿಂಗ್ ಟೆಕ್ನಾಲಜಿ ಪದವಿಗಳು ಬೆಳೆದವು. ಅದು ಕಳಪೆ ಪದವಿ ಅಲ್ಲ. ಪರ್ಡ್ಯೂ ಅಂಥ ದೊಡ್ಡ ವಿಶ್ವವಿದ್ಯಾಲಯವೂ ಇದನ್ನು ಕಲಿಸುತ್ತದೆ, ಇಂಜಿನಿಯರಿಂಗ್ ಕಾಲೇಜಿನಿಂದ ಬೇರೆಯಾದ ಪಾಲಿಟೆಕ್ನಿಕ್ ವಿಭಾಗದಲ್ಲಿ.

ನಮ್ಮವರು ಈ ಪದವಿಯನ್ನು ನೋಡಿದಾಗ ಒಂದೋ ‘ಓ, ಬಿಇ’ ಅಂದುಕೊಳ್ಳುತ್ತಾರೆ, ಇಲ್ಲವೇ ‘ಅಯ್ಯೋ, ಡಿಪ್ಲೊಮಾ’ ಅಂದುಬಿಡುತ್ತಾರೆ. ಎರಡೂ ಅಲ್ಲ. ಅದನ್ನು ಇಡಲು ನಮ್ಮ ಕಪಾಟಿನಲ್ಲಿ ಖಾನೆಯೇ ಇಲ್ಲ. ವಾಪಸ್ ಬಂದು ಇಲ್ಲಿ ಕೆಲಸ ಹುಡುಕುವವರಿಗೆ ಇದು ದೊಡ್ಡ ತೊಂದರೆ. ಅಲ್ಲೇ ಉಳಿಯುವವರಿಗೆ ಅಷ್ಟಿಲ್ಲ.

ಗಣಿತ ಕವಲೊಡೆಯುವ ಜಾಗ

ಎರಡೂ ಪದವಿಗಳ ವಿಷಯಗಳ ಪಟ್ಟಿಯನ್ನು ಪಕ್ಕಪಕ್ಕ ಇಟ್ಟು ನೋಡಿದೆವು. ಹೆಸರುಗಳು ಹೆಚ್ಚು ಕಡಿಮೆ ಒಂದೇ. ಸ್ಟ್ಯಾಟಿಕ್ಸ್, ಸ್ಟ್ರೆಂತ್ ಆಫ್ ಮೆಟೀರಿಯಲ್ಸ್, ಥರ್ಮೋ, ಫ್ಲೂಯಿಡ್ಸ್ ಎರಡರಲ್ಲೂ ಇವೆ. ಹೆಸರು ನೋಡಿ ತೀರ್ಮಾನಿಸಿದರೆ ಅಪ್ಪ ಹೇಳಿದ್ದೇ ಸರಿ.

ವ್ಯತ್ಯಾಸ ಕಾಣಬೇಕಾದರೆ ಪ್ರತಿ ವಿಷಯಕ್ಕೂ ಮೊದಲೇ ಏನು ಓದಿರಬೇಕು ಎಂಬ ಸಣ್ಣ ಸಾಲನ್ನು ಓದಬೇಕು. ಟೆಕ್ನಾಲಜಿ ಕೋರ್ಸಿನ ಸ್ಟ್ಯಾಟಿಕ್ಸ್‌ಗೆ ಬೀಜಗಣಿತ, ತ್ರಿಕೋನಮಿತಿ ಸಾಕಿತ್ತು. ಇಂಜಿನಿಯರಿಂಗ್ ಕೋರ್ಸಿನ ಸ್ಟ್ಯಾಟಿಕ್ಸ್‌ಗೆ ಕ್ಯಾಲ್ಕುಲಸ್ ಬೇಕಿತ್ತು. ಭೌತಶಾಸ್ತ್ರವೂ ಹಾಗೇ: ಒಂದು ಕಡೆ ಕ್ಯಾಲ್ಕುಲಸ್ ಇಲ್ಲದ್ದು, ಇನ್ನೊಂದು ಕಡೆ ಇರುವುದು. ಟೆಕ್ನಾಲಜಿಯಲ್ಲೂ ಕ್ಯಾಲ್ಕುಲಸ್ ಇಲ್ಲವೆಂದಲ್ಲ. ಡಿಫರೆನ್ಷಿಯಲ್, ಇಂಟೆಗ್ರಲ್ ಎರಡನ್ನೂ ಕಲಿಸುತ್ತಾರೆ. ಆದರೆ ಅಲ್ಲಿಗೆ ಹೆಚ್ಚುಕಡಿಮೆ ನಿಲ್ಲುತ್ತಾರೆ. ಮೆಕ್ಯಾನಿಕಲ್ ಇಂಜಿನಿಯರಿಂಗ್‌ನಲ್ಲಿ ಅದರಾಚೆ ಹಲವು ಚರಾಕ್ಷರಗಳ ಕ್ಯಾಲ್ಕುಲಸ್, ಡಿಫರೆನ್ಷಿಯಲ್ ಈಕ್ವೇಷನ್ ಕಡ್ಡಾಯ. ಅಮೆರಿಕದ ಮಾನ್ಯತಾ ಸಂಸ್ಥೆ ಅಬೆಟ್, ಮೆಕ್ಯಾನಿಕಲ್ ಕೋರ್ಸಿಗೆ ಇವೆರಡನ್ನೂ ಹೆಸರಿಸಿಯೇ ಕೇಳುತ್ತದೆ. ಜೊತೆಗೆ ಇಂಜಿನಿಯರಿಂಗ್ ಪದವಿಗೆ ಗಣಿತ ಮತ್ತು ಮೂಲವಿಜ್ಞಾನ ಸೇರಿ ಕನಿಷ್ಠ 30 ಕ್ರೆಡಿಟ್, ಇಂಜಿನಿಯರಿಂಗ್ ವಿಷಯ ಕನಿಷ್ಠ 45 ಕ್ರೆಡಿಟ್ ಇರಲೇಬೇಕು.

ಒಂದು ಉದಾಹರಣೆ ಕೊಟ್ಟೆ. ಗೋಡೆಗೆ ಒಂದು ತುದಿ ಹುಗಿದ ಕಬ್ಬಿಣದ ತೊಲೆ. ಇನ್ನೊಂದು ತುದಿಯಲ್ಲಿ ಭಾರ ನೇತು ಹಾಕಿದರೆ ಎಷ್ಟು ಬಾಗುತ್ತದೆ? ಉದ್ದದ ಘನವನ್ನು ಭಾರದಿಂದ ಗುಣಿಸಿ, 3ಇಐಯಿಂದ ಭಾಗಿಸಿದರೆ ಉತ್ತರ. ಇಲ್ಲಿ ಇ ಅಂದರೆ ಲೋಹದ ಬಿಗಿತದ ಅಳತೆ, ಐ ಅಂದರೆ ತೊಲೆಯ ಅಡ್ಡಕೊಯ್ತದ ಆಕಾರದ ಅಳತೆ. ಟೆಕ್ನಾಲಜಿ ವಿದ್ಯಾರ್ಥಿ ಈ ಸೂತ್ರವನ್ನು ಕೋಷ್ಟಕದಿಂದ ತೆಗೆದು, ಸರಿಯಾದ ಸೆಕ್ಷನ್ ಆರಿಸಿ, ಲ್ಯಾಬಿನಲ್ಲಿ ತೂಕ ಹಾಕಿ ಅಳೆದು ನೋಡುತ್ತಾನೆ. ಇಂಜಿನಿಯರಿಂಗ್ ವಿದ್ಯಾರ್ಥಿ ಅದೇ ಸೂತ್ರವನ್ನು ಎರಡನೇ ದರ್ಜೆಯ ಡಿಫರೆನ್ಷಿಯಲ್ ಈಕ್ವೇಷನ್‌ನಿಂದ ಬಿಡಿಸಿ ತೆಗೆಯಬೇಕು. ನೂರಕ್ಕೆ ತೊಂಬತ್ತು ಕೆಲಸಗಳಲ್ಲಿ ಮೊದಲನೆಯವನ ಉತ್ತರವೇ ಬೇಗ ಬರುತ್ತದೆ, ಸರಿಯಾಗಿಯೂ ಇರುತ್ತದೆ. ಕೋಷ್ಟಕದಲ್ಲಿ ಇಲ್ಲದ ಆಕಾರ ಎದುರಾದ ದಿನ ಮಾತ್ರ ಎರಡನೆಯವನು ಬೇಕು.

ಹುಡುಗಿ ಆಗ ಕೇಳಿದಳು, ‘ಸರ್, ಹಾಗಾದರೆ ಲ್ಯಾಬ್ ಜಾಸ್ತಿ ಇರೋದು ಯಾವುದರಲ್ಲಿ?’ ಟೆಕ್ನಾಲಜಿಯಲ್ಲಿ. ಅದರಲ್ಲಿ ಎರಡು ಮಾತಿಲ್ಲ. ಕಂಪ್ಯೂಟರ್ ನಡೆಸುವ ಸಿಎನ್‌ಸಿ ಯಂತ್ರ, ಕಾರ್ಖಾನೆಯ ಯಂತ್ರಗಳನ್ನು ನಿಯಂತ್ರಿಸುವ ಪಿಎಲ್‌ಸಿ, ಹೈಡ್ರಾಲಿಕ್ಸ್, ವೆಲ್ಡಿಂಗ್, ಎಲ್ಲದರಲ್ಲೂ ಕೈ ಆಡುತ್ತದೆ. ನಮ್ಮ ಎಷ್ಟೋ ಬಿಇ ಕಾಲೇಜುಗಳಲ್ಲಿ ಲ್ಯಾಬ್ ಅಂದರೆ ರೆಕಾರ್ಡ್ ಬುಕ್ ತುಂಬುವ ಕೆಲಸ. ಇದು ನನಗೂ ಗೊತ್ತು, ಅವಳಿಗೂ ಗೊತ್ತು. ಅದನ್ನು ಮುಚ್ಚಿಟ್ಟು ಸಲಹೆ ಕೊಡಲು ಮನಸ್ಸು ಬರಲಿಲ್ಲ.

ಮಾನ್ಯತೆಯ ಜಟಿಲತೆ

ಮಾವನ ಇಮೇಲಿನಲ್ಲಿ ದಪ್ಪ ಅಕ್ಷರದಲ್ಲಿ ‘ಅಬೆಟ್ ಮಾನ್ಯತೆ ಇದೆ’ ಅಂತ ಬರೆದಿತ್ತು. ಸುಳ್ಳಲ್ಲ. ಆದರೆ ಅಬೆಟ್‌ನಲ್ಲಿ ನಾಲ್ಕು ಕಮಿಷನ್‌ಗಳಿವೆ. ಇಂಜಿನಿಯರಿಂಗ್ ಕೋರ್ಸುಗಳನ್ನು ನೋಡುವುದು ಇಎಸಿ. ಟೆಕ್ನಾಲಜಿ ಕೋರ್ಸುಗಳನ್ನು ನೋಡುವುದು ಇಟಿಎಸಿ. ಯಾವ ಕಮಿಷನ್ ಅನ್ನುವುದೇ ಮುಖ್ಯ. ಅಬೆಟ್ ವೆಬ್‌ಸೈಟಿನಲ್ಲಿ ಕಾಲೇಜಿನ ಹೆಸರು ಹಾಕಿ ಪುಕ್ಕಟೆ ನೋಡಬಹುದು. ನೋಡಿದೆವು. ಇಟಿಎಸಿ.

ಇದರಿಂದ ಏನಾಗುತ್ತದೆ? ಅಮೆರಿಕದಲ್ಲಿ ಸಾರ್ವಜನಿಕರಿಗೆ ಸಂಬಂಧಿಸಿದ ಕಟ್ಟಡ, ಸೇತುವೆ, ಬಾಯ್ಲರ್ ಕೋಣೆ ಇಂಥವುಗಳ ನಕ್ಷೆಗೆ ಸಹಿ ಹಾಕಲು ಪ್ರೊಫೆಷನಲ್ ಇಂಜಿನಿಯರ್, ಅಂದರೆ ಪಿಇ ಲೈಸೆನ್ಸ್ ಬೇಕು. ಅದನ್ನು ಕೊಡುವುದು ಆಯಾ ರಾಜ್ಯದ ಮಂಡಳಿ. ಇಎಸಿ ಪದವಿ ಇದ್ದರೆ ಇಂಜಿನಿಯರಿಂಗ್ ಮೂಲಪಾಠಗಳ ಎಫ್‌ಇ ಪರೀಕ್ಷೆ, ಸಾಮಾನ್ಯವಾಗಿ ನಾಲ್ಕು ವರ್ಷದ ಅನುಭವ, ಆಮೇಲೆ ಪಿಇ ಪರೀಕ್ಷೆ. ಇಟಿಎಸಿ ಪದವಿ ಇದ್ದರೆ ಅನೇಕ ರಾಜ್ಯಗಳು ಅನುಭವದ ವರ್ಷಗಳನ್ನು ಹೆಚ್ಚಿಸುತ್ತವೆ. ಕೆಲವು ರಾಜ್ಯಗಳು ಒಳಗೇ ಬಿಡುವುದಿಲ್ಲ. ಸಿವಿಲ್ ಓದುವವರಿಗೆ ಇದು ಜೀವನ್ಮರಣದ ಪ್ರಶ್ನೆ. ಮೆಕ್ಯಾನಿಕಲ್‌ನಲ್ಲಿ ಕಾರು, ಬಿಡಿಭಾಗ, ಯಂತ್ರ ತಯಾರಿಸುವ ಕಂಪನಿಯಲ್ಲಿ ಕೆಲಸ ಮಾಡುವವರಿಗೆ ಅಷ್ಟಿಲ್ಲ. ಬಹುಪಾಲು ರಾಜ್ಯಗಳಲ್ಲಿ ಕಾರ್ಖಾನೆಯೊಳಗಿನ ಇಂಜಿನಿಯರಿಂಗ್ ಕೆಲಸಕ್ಕೆ ಲೈಸೆನ್ಸಿನಿಂದ ವಿನಾಯಿತಿ ಇದೆ. ಮಾವ ಇಷ್ಟು ವರ್ಷ ಪಿಇ ಇಲ್ಲದೆ ಆರಾಮಾಗಿ ಕೆಲಸ ಮಾಡಿದ್ದು ಹೀಗೆ. ‘ನಂಗೆ ಯಾರೂ ಕೇಳಿಲ್ಲ’ ಅಂತ ಅವರು ಫೋನಿನಲ್ಲಿ ಹೇಳಿದ್ದು ನಿಜವೇ. ಅವರ ಜಾಗದಲ್ಲಿ ಯಾರೂ ಕೇಳುವುದಿಲ್ಲ.

ದೇಶದ ಗಡಿ ದಾಟಿದಾಗ ಇನ್ನೊಂದು ಪದರ ಬರುತ್ತದೆ. ಪೂರ್ಣ ಇಂಜಿನಿಯರಿಂಗ್ ಪದವಿಗಳನ್ನು ದೇಶಗಳು ಪರಸ್ಪರ ಒಪ್ಪಿಕೊಳ್ಳುವುದು 1989ರ ವಾಷಿಂಗ್ಟನ್ ಒಪ್ಪಂದದಲ್ಲಿ. ಟೆಕ್ನಾಲಜಿಸ್ಟ್‌ಗಳಿಗೆ ಬೇರೆಯೇ ಒಪ್ಪಂದ, 2001ರ ಸಿಡ್ನಿ ಒಪ್ಪಂದ. ಟೆಕ್ನಿಷಿಯನ್‌ಗಳಿಗೆ 2002ರ ಡಬ್ಲಿನ್ ಒಪ್ಪಂದ. ಭಾರತ 2014ರ ಜೂನ್‌ನಲ್ಲಿ ನಮ್ಮ ರಾಷ್ಟ್ರೀಯ ಮಾನ್ಯತಾ ಮಂಡಳಿ (ಎನ್‌ಬಿಎ) ಮೂಲಕ ವಾಷಿಂಗ್ಟನ್ ಒಪ್ಪಂದದ ಕಾಯಂ ಸದಸ್ಯ ಆಯಿತು.

ಇಲ್ಲಿಗೆ ನಮ್ಮ ಬಿಇ ಗೆದ್ದಿತು ಅಂತ ಅಪ್ಪ ನೆಟ್ಟಗೆ ಕೂತರು. ಅಷ್ಟು ಸುಲಭ ಇಲ್ಲ. ಆ ಒಪ್ಪಂದ ಭಾರತದ ಎಲ್ಲ ಬಿಇಗಳಿಗೂ ಅನ್ವಯಿಸುವುದಿಲ್ಲ. ಎನ್‌ಬಿಎ ಟೈರ್-1 ಮಾನ್ಯತೆ ಪಡೆದ ಕೋರ್ಸುಗಳಿಗೆ ಮಾತ್ರ. ಸ್ವಾಯತ್ತ ಕಾಲೇಜು, ವಿಶ್ವವಿದ್ಯಾಲಯಗಳು ಟೈರ್-1ಕ್ಕೆ ಹೋಗಬಹುದು. ವಿಟಿಯು ಪಠ್ಯಕ್ರಮವನ್ನೇ ನಡೆಸುವ ಸಾಮಾನ್ಯ ಸಂಯೋಜಿತ ಕಾಲೇಜುಗಳಿಗೆ ಸಿಗುವುದು ಟೈರ್-2. ಇನ್ನೂ ಒಂದು ವಿಷಯ: ಮಾನ್ಯತೆ ಕೊಡುವುದು ಕಾಲೇಜಿಗೆ ಅಲ್ಲ, ಒಂದೊಂದು ಬ್ರಾಂಚಿಗೆ, ಅದೂ ಇಂತಿಷ್ಟು ವರ್ಷಕ್ಕೆ. ಗೇಟಿನ ಮೇಲೆ ‘ಎನ್‌ಬಿಎ’ ಅಂತ ಬರೆದಿದ್ದರೆ ಯಾವ ಬ್ರಾಂಚಿಗೆ, ಯಾವ ಟೈರ್, ಎಲ್ಲಿಯವರೆಗೆ ಅಂತ ಕೇಳಬೇಕು. ಸೀಟು ಆರಿಸುವಾಗ ಹುಡುಗಿ ಇದನ್ನು ಎಲ್ಲ ಕಾಲೇಜುಗಳಲ್ಲೂ ಕೇಳಿದಳು. ಒಂದು ಕಡೆ ಕೌಂಟರಿನಲ್ಲಿದ್ದವರಿಗೆ ಟೈರ್ ಅಂದರೆ ಏನೆಂದೇ ಗೊತ್ತಿರಲಿಲ್ಲವಂತೆ.

ಎರಡು ವರ್ಷ ಅಂದದ್ದು

ಇಡೀ ಪ್ರಸ್ತಾಪ ನಿಂತಿದ್ದು ‘ಎರಡೇ ವರ್ಷ’ ಎಂಬ ಮಾತಿನ ಮೇಲೆ. ಅಮೆರಿಕದಲ್ಲಿ ಎರಡು ವರ್ಷದ ಅಸೋಸಿಯೇಟ್ ಪದವಿ ಮುಗಿಸಿದವರು ಟೆಕ್ನಾಲಜಿ ಪದವಿಯ ಮೂರನೇ ವರ್ಷಕ್ಕೆ ಸೇರುವುದು ಮಾಮೂಲು. ಟು ಪ್ಲಸ್ ಟು ಅನ್ನುತ್ತಾರೆ. ಟೆಕ್ನಾಲಜಿ ಪದವಿಯ ದೊಡ್ಡ ಅನುಕೂಲವೇ ಅದು. ಮಾವ ನಮ್ಮ ಡಿಪ್ಲೊಮಾವನ್ನು ಆ ಅಸೋಸಿಯೇಟ್ ಪದವಿ ಅಂದುಕೊಂಡಿದ್ದರು. ಮೂರು ವರ್ಷ ಓದಿದ್ದಾಳೆ, 60 ಕ್ರೆಡಿಟ್ ಆದರೂ ಸಿಗದೇ ಇರುತ್ತದಾ ಅಂತ.

ಅವರು ಮರೆತದ್ದು, ಅಲ್ಲಿ ಕಾಲೇಜು ಶುರುವಾಗುವುದು ಹನ್ನೆರಡು ವರ್ಷದ ಶಾಲೆ ಮುಗಿದ ಮೇಲೆ. ನಮ್ಮ ಡಿಪ್ಲೊಮಾ ಶುರುವಾಗುವುದು ಹತ್ತನೇ ಕ್ಲಾಸಿನ ಮೇಲೆ. ಪಿಯುಸಿಯ ಎರಡು ವರ್ಷವೂ ಅದರೊಳಗೇ ಸೇರಿಹೋಗಿದೆ. ಅಂಕಪಟ್ಟಿಯನ್ನು ಮೌಲ್ಯಮಾಪನಕ್ಕೆ ಕಳಿಸಿದಾಗ ಬಂದ ಉತ್ತರವೂ ಹಾಗೇ ಇತ್ತು. ಮೊದಲೆರಡು ವರ್ಷ ಹೈಸ್ಕೂಲಿಗೆ ಸಮ, ಕೊನೆಯ ವರ್ಷ ಮಾತ್ರ ಕಾಲೇಜಿನ ಒಂದು ವರ್ಷಕ್ಕೆ ಸಮ. ಸಿಕ್ಕಿದ್ದು 30ರ ಆಸುಪಾಸು ಕ್ರೆಡಿಟ್. ಎರಡು ವರ್ಷ ಹೋಗಿ ಮೂರಾಯಿತು. ಇಲ್ಲಿ ಲ್ಯಾಟರಲ್ ಎಂಟ್ರಿ ಬಿಇಗೂ ಮೂರೇ ವರ್ಷ.

ದುಡ್ಡಿನ ಲೆಕ್ಕ ಅಲ್ಲೇ ಕಾಗದದ ಹಿಂಬದಿಯಲ್ಲಿ ಮಾಡಿದೆವು. ಆ ಕಾಲೇಜಿನ ಫೀಸು ಹೊರದೇಶದವರಿಗೆ ವರ್ಷಕ್ಕೆ 25,000 ಡಾಲರ್. ಊಟ, ವಸತಿ, ವಿಮೆ ಸೇರಿ ಇನ್ನೊಂದು 14,000. ಮೂರು ವರ್ಷಕ್ಕೆ 1,17,000 ಡಾಲರ್. ಡಾಲರಿಗೆ 85 ರೂಪಾಯಿ ಹಿಡಿದರೆ ಒಂದು ಕೋಟಿಗೆ ಚೂರು ಕಡಿಮೆ. ಶಿವಮೊಗ್ಗದಲ್ಲಿ ಸರ್ಕಾರಿ ಕೋಟಾದ ಸೀಟು, ಹಾಸ್ಟೆಲ್ಲು, ಓಡಾಟ ಎಲ್ಲ ಸೇರಿ ಅವಳಿಗೆ ಬಂದ ಅಂದಾಜು ಮೂರು ವರ್ಷಕ್ಕೆ ಐದು ಲಕ್ಷ.

ಅಪ್ಪ ತೋಟ ಅಡ ಇಡಲು ತಯಾರಿದ್ದರು. ಬ್ಯಾಂಕಿನವರು ಪಹಣಿ ನೋಡಿ ತಲೆ ಅಲ್ಲಾಡಿಸಿದರು. ಸಾಮಾನ್ಯವಾಗಿ ಏಳೂವರೆ ಲಕ್ಷದವರೆಗೆ ಅಡಮಾನ ಇಲ್ಲದೆ ಶಿಕ್ಷಣ ಸಾಲ ಸಿಗುತ್ತದೆ. ಅದಕ್ಕಿಂತ ಮೇಲೆ ಹೋದರೆ ಆಸ್ತಿ ಕೇಳುತ್ತಾರೆ, ಆದರೆ ಕೃಷಿ ಭೂಮಿ ಬೇಡ ಅನ್ನುತ್ತಾರೆ. ಕಾರಣ, ಸಾಲ ತೀರದಿದ್ದರೆ ಕೋರ್ಟಿಗೆ ಹೋಗದೆ ಆಸ್ತಿ ವಶಪಡಿಸಿಕೊಳ್ಳಲು ಬ್ಯಾಂಕಿಗೆ ಅಧಿಕಾರ ಕೊಡುವ 2002ರ ಸರ್ಫೇಸಿ ಕಾಯ್ದೆ ಕೃಷಿ ಭೂಮಿಗೆ ಅನ್ವಯಿಸುವುದಿಲ್ಲ. ಮಲೆನಾಡಿನ ಮನೆಗಳಲ್ಲಿ ಇದು ಮತ್ತೆ ಮತ್ತೆ ಆಗುತ್ತದೆ. ಕೋಟಿ ಬೆಲೆಯ ತೋಟ ಇರುತ್ತದೆ, ಬ್ಯಾಂಕಿನ ಕಣ್ಣಿಗೆ ಅದು ಕಾಣುವುದಿಲ್ಲ. ಕೊನೆಗೆ ಉಳಿದದ್ದು ಮಾವ ಜಾಮೀನು ನಿಲ್ಲುವ ದಾರಿ. ಅಮ್ಮ ಅದಕ್ಕೆ ಒಪ್ಪಲಿಲ್ಲ. ತಮ್ಮನ ಹತ್ತಿರ ಒಂದು ಕೋಟಿಯ ಋಣ ಇಟ್ಟುಕೊಳ್ಳುವುದು ಬೇಡ ಅಂತ ಒಂದೇ ಮಾತಿನಲ್ಲಿ ಮುಗಿಸಿದರು.

ವೀಸಾಕ್ಕೆ ತೊಂದರೆ ಇಲ್ಲ ಎಂಬ ಮಾವನ ಮಾತು ಅರ್ಧ ಸರಿ ಇತ್ತು. ಎರಡೂ ಪದವಿಗಳು ವಿಜ್ಞಾನ, ತಂತ್ರಜ್ಞಾನ ವಿಷಯಗಳ ಸ್ಟೆಮ್ ಪಟ್ಟಿಯಲ್ಲಿವೆ. ಓದು ಮುಗಿದ ಮೇಲೆ ಅಲ್ಲೇ ಕೆಲಸ ಮಾಡಲು ಬಿಡುವ 12 ತಿಂಗಳ ಒಪಿಟಿ, ಅದರ ಮೇಲೆ 24 ತಿಂಗಳ ವಿಸ್ತರಣೆ ಎರಡಕ್ಕೂ ಸಿಗುತ್ತಿತ್ತು. ಆಮೇಲೆ ಎಚ್-1ಬಿ ಎಂಬ ಕೆಲಸದ ವೀಸಾ. ಅದಕ್ಕೆ ವರ್ಷಕ್ಕೆ 65,000ದ ಮಿತಿ. ಅಮೆರಿಕದಲ್ಲಿ ಮಾಸ್ಟರ್ಸ್ ಮಾಡಿದವರಿಗೆ ಅದರ ಮೇಲೆ ಬೇರೆ 20,000 ಇದೆ. ಬ್ಯಾಚುಲರ್ ಮಾತ್ರ ಮಾಡಿದವರಿಗೆ ಆ ಎರಡನೇ ಅವಕಾಶ ಇಲ್ಲ. ಇಲ್ಲಿ ಬಿಇ ಮುಗಿಸಿ ಅಲ್ಲಿ ಎಂಎಸ್‌ಗೆ ಹೋದರೆ ಎರಡೂ ಕಡೆ ಅವಕಾಶ. ಖರ್ಚು ನೋಡಿದರೆ, ಅದೇ ದರದಲ್ಲಿ ಎರಡು ವರ್ಷದ ಎಂಎಸ್‌ಗೆ 66 ಲಕ್ಷ, ಬಿಇಯ ಐದು ಸೇರಿಸಿದರೆ 71. ಟೆಕ್ನಾಲಜಿ ಬ್ಯಾಚುಲರ್‌ಗಿಂತ ಕಡಿಮೆ ದುಡ್ಡಿಗೆ ಒಂದು ಪದವಿ ಜಾಸ್ತಿ. ಲ್ಯಾಟರಲ್ ಎಂಟ್ರಿಯವರನ್ನು ಎಂಎಸ್‌ಗೆ ತಗೊಳ್ತಾರಾ ಅಂತ ಹುಡುಗಿಗೆ ಅನುಮಾನ ಇತ್ತು. ಹತ್ತು, ಮೂರು, ಮೂರು ಕೂಡಿಸಿದರೆ ಹದಿನಾರು ವರ್ಷ. ಅವರು ಸಾಮಾನ್ಯವಾಗಿ ಕೇಳುವುದೂ ಅಷ್ಟೇ. ಟೆಕ್ನಾಲಜಿ ಪದವಿಯಿಂದ ಇಂಜಿನಿಯರಿಂಗ್ ಎಂಎಸ್‌ಗೆ ಹೋಗುವವರಿಗೆ ಮಾತ್ರ ಅನೇಕ ಕಡೆ ಬಿಟ್ಟುಹೋದ ಗಣಿತವನ್ನು ಮೊದಲು ಓದಿ ಬಾ ಅನ್ನುತ್ತಾರೆ. ಅದಕ್ಕೂ ಡಾಲರಿನಲ್ಲೇ ಫೀಸು.

ಅಡಿಕೆ ಸುಲಿಯುವ ಯಂತ್ರ

ಇಷ್ಟೆಲ್ಲ ಆದ ಮೇಲೂ ನನಗೆ ಒಂದು ವಿಷಯ ಸ್ಪಷ್ಟ ಇರಲಿಲ್ಲ. ಹುಡುಗಿಗೆ ಏನು ಇಷ್ಟ? ಕೇಳಿದರೆ ‘ಯಾವುದಾದರೂ ಓಕೆ ಸರ್’ ಅನ್ನುತ್ತಿದ್ದಳು. ಅಪ್ಪನ ಎದುರು ಮಕ್ಕಳು ಹೇಳುವುದು ಅಷ್ಟೇ, ಅಲ್ವಾ? ಅದಕ್ಕೆ ಡಿಪ್ಲೊಮಾ ಪ್ರಾಜೆಕ್ಟ್ ಏನು ಮಾಡಿದ್ದೆ ಅಂತ ಕೇಳಿದೆ.

ಮನೆಯಲ್ಲಿ ಹಳೆಯ ಅಡಿಕೆ ಸುಲಿಯುವ ಯಂತ್ರ ಇತ್ತು. ಮೆಟ್ಟುಗತ್ತಿಯ ಮೇಲೆ ಕೂತು ಸುಲಿಯುವವರು ಸಿಗುವುದು ಕಷ್ಟವಾದ ಮೇಲೆ ಸೆಕೆಂಡ್‌ಹ್ಯಾಂಡ್ ತಂದದ್ದು. ಸಿಂಗಲ್ ಫೇಸ್ ಮೋಟರ್, ನಿಮಿಷಕ್ಕೆ 1,440 ಸುತ್ತು. ಮೋಟರಿನ ಕಡೆ 3 ಇಂಚಿನ ಪುಲ್ಲಿ, ಯಂತ್ರದ ಕಡೆ 9 ಇಂಚಿನದ್ದು. ಅಂದರೆ ಶಾಫ್ಟ್ ತಿರುಗುವುದು ನಿಮಿಷಕ್ಕೆ 480 ಸುತ್ತು. ಆ ವೇಗದಲ್ಲಿ ಯಂತ್ರ ಇಡೀ ಕೊಟ್ಟಿಗೆ ನಡುಗುವ ಹಾಗೆ ಅಲ್ಲಾಡುತ್ತಿತ್ತು. ಬೋಲ್ಟ್ ಸಡಿಲವಾಗಿ ಬ್ಲೇಡು ಅಡಿಕೆಯನ್ನೇ ಕೊಚ್ಚುತ್ತಿತ್ತು. ಬೇರಿಂಗ್ ಬದಲಿಸಿದರು, ಹೋಗಲಿಲ್ಲ. ಬುಡಕ್ಕೆ ಕಾಂಕ್ರೀಟ್ ಹಾಕಿದರು, ಸ್ವಲ್ಪ ಕಡಿಮೆಯಾಯಿತು, ಪೂರ್ತಿ ಹೋಗಲಿಲ್ಲ. ಕೊನೆಗೆ ಅಪ್ಪ 9 ಇಂಚಿನ ಪುಲ್ಲಿ ತೆಗೆದು 10 ಇಂಚಿನದ್ದು ಹಾಕಿದರು. ವೇಗ 432ಕ್ಕೆ ಇಳಿಯಿತು. ಅಲ್ಲಾಟ ಹೆಚ್ಚುಕಡಿಮೆ ನಿಂತೇ ಹೋಯಿತು.

ಅಪ್ಪನಿಗೆ ಅಲ್ಲಿಗೆ ಕಥೆ ಮುಗಿಯಿತು. ಮಗಳಿಗೆ ಮುಗಿಯಲಿಲ್ಲ. ನೂರಕ್ಕೆ ಹತ್ತರಷ್ಟು ವೇಗ ಕಡಿಮೆಯಾದರೆ ಅಲ್ಲಾಟವೂ ಸ್ವಲ್ಪವೇ ಕಡಿಮೆಯಾಗಬೇಕಿತ್ತು. ಪೂರ್ತಿ ಯಾಕೆ ಹೋಯಿತು? ಅವಳು ಬೇರೆ ಬೇರೆ ಪುಲ್ಲಿ ಹಾಕಿ ನೋಡಿದ್ದಳು. ಇನ್ನೂ ಜಾಸ್ತಿ ವೇಗಕ್ಕೆ ಹೋದಾಗಲೂ ಅಲ್ಲಾಟ ಕಡಿಮೆಯಾಗಿತ್ತು! 480ರ ಹತ್ತಿರ ಮಾತ್ರ ಅಷ್ಟು ಜೋರು. ಇದನ್ನು ನೋಟ್‌ಬುಕ್ಕಿನಲ್ಲಿ ಗ್ರಾಫ್ ಮಾಡಿ ಇಟ್ಟಿದ್ದಳು. ಪಾಲಿಟೆಕ್ನಿಕ್ಕಿನ ಪ್ರಾಜೆಕ್ಟ್ ವರದಿಯಲ್ಲಿ ಅದಕ್ಕೆ ಜಾಗ ಇರಲಿಲ್ಲವಂತೆ, ಹಾಕಿರಲಿಲ್ಲ.

480 ಅಂದರೆ ಸೆಕೆಂಡಿಗೆ 8 ಸಲ. ಆ ಯಂತ್ರ, ಅದರ ಕಾಲು, ಬುಡದ ಹಲಗೆ ಎಲ್ಲ ಸೇರಿ ಸಹಜವಾಗಿ ತೂಗಾಡುವ ವೇಗವೂ ಅಲ್ಲೇ ಎಲ್ಲೋ ಇತ್ತು. ಎರಡೂ ಕೂಡಿದಾಗ ಅಲ್ಲಾಟ ಸಿಕ್ಕಾಪಟ್ಟೆ ಏರುತ್ತದೆ, ಅದೇ ಅನುರಣನೆ (ರೆಸೊನೆನ್ಸ್). ಸಹಜ ಆವರ್ತನವನ್ನು ತೀರ್ಮಾನಿಸುವುದು ಬಿಗಿತ ಮತ್ತು ತೂಕ: ಬಿಗಿತವನ್ನು ತೂಕದಿಂದ ಭಾಗಿಸಿ ವರ್ಗಮೂಲ ತೆಗೆಯಬೇಕು. ಇದನ್ನು ಪೂರ್ತಿ ತಿಳಿಯಬೇಕಾದರೆ ಬೇಕಾಗುವುದು ಎರಡನೇ ದರ್ಜೆಯ ಡಿಫರೆನ್ಷಿಯಲ್ ಈಕ್ವೇಷನ್. ಅಂದರೆ ಟೆಕ್ನಾಲಜಿ ಪದವಿ ಎಲ್ಲಿ ಹೆಚ್ಚುಕಡಿಮೆ ನಿಲ್ಲುತ್ತದೆಯೋ ಅದರ ಮುಂದಿನ ಪಾಠ.

ಅದನ್ನು ಬೋರ್ಡಿನ ಮೇಲೆ ಬಿಡಿಸಿದಾಗ ಅವಳು ಮಧ್ಯದಲ್ಲೇ ತಡೆದು, ‘ಹಾಗಾದರೆ ಕಾಂಕ್ರೀಟ್ ಹಾಕಿದಾಗ ಬಿಗಿತವೂ ಬದಲಾಯಿತು, ತೂಕವೂ ಬದಲಾಯಿತು, ಅದಕ್ಕೇ ಅರ್ಧ ಮಾತ್ರ ಹೋದದ್ದಾ?’ ಅಂದಳು. ಅಪ್ಪ ಮಗಳ ಮುಖ ನೋಡಿದರು. ನನ್ನ ಮಟ್ಟಿಗೆ ಪ್ರಶ್ನೆಗೆ ಉತ್ತರ ಸಿಕ್ಕಿದ್ದು ಅಲ್ಲೇ. ಪುಲ್ಲಿ ಬದಲಿಸಿ ಸರಿ ಮಾಡಿದವರು ಅಪ್ಪ. ಅವರದ್ದು ಒಳ್ಳೆಯ ಟೆಕ್ನಾಲಜಿಸ್ಟ್‌ನ ತಲೆ, ಯಾವ ಪದವಿಯೂ ಇಲ್ಲದೆ. ಯಂತ್ರ ಸರಿಯಾದ ಮೇಲೂ ನಿದ್ದೆ ಬಾರದೆ ಗ್ರಾಫ್ ಬರೆದವಳು ಮಗಳು.

ಆಯ್ಕೆ

ಬಿಇ ಅಂತ ತೀರ್ಮಾನ ಆಯಿತು. ಅಪ್ಪನಿಗೆ ಬೇರೆಯದೇ ಕಾರಣ ಇತ್ತು. ರಾಜ್ಯ ಸರ್ಕಾರದ ವಿದ್ಯುತ್ ಕಂಪನಿಗಳಾದ ಕೆಪಿಸಿಯಾಗಲಿ ಕೆಪಿಟಿಸಿಎಲ್ ಆಗಲಿ, ಕಿರಿಯ ಇಂಜಿನಿಯರ್ ಹುದ್ದೆಗೆ ಡಿಪ್ಲೊಮಾ, ಸಹಾಯಕ ಇಂಜಿನಿಯರ್ ಹುದ್ದೆಗೆ ಬಿಇ ಕೇಳುತ್ತಾರೆ. ವಿದೇಶಿ ಪದವಿ ಹಿಡಿದು ಬಂದರೆ ಮೊದಲು ಸಮಾನತೆಯ ಪ್ರಮಾಣಪತ್ರ ಮಾಡಿಸಬೇಕು. ಆಮೇಲೂ ‘ಇಂಜಿನಿಯರಿಂಗ್ ಟೆಕ್ನಾಲಜಿ’ ಅಂದರೆ ಬಿಇನಾ ಅಂತ ನೇಮಕಾತಿಯವರ ಮುಂದೆ ವಾದ ಮಾಡಬೇಕು. ಶರಾವತಿ ವಿದ್ಯುದಾಗಾರದ ಹತ್ತು ಘಟಕಗಳಿಂದ 1,035 ಮೆಗಾವ್ಯಾಟ್ ಹೊರಡುತ್ತದೆ. ಅದಕ್ಕೆ ತಮ್ಮ ಮನೆ ಕೊಟ್ಟವರ ಮೊಮ್ಮಗಳು ಅಲ್ಲಿ ಒಂದು ದಿನ ಸಹಿ ಹಾಕುವ ಕುರ್ಚಿಯಲ್ಲಿ ಕೂರಬೇಕು ಅಂತ ಅವರ ಆಸೆ. ಅವಳಿಗೆ ಆ ಆಸೆ ಇದೆಯೋ ಇಲ್ಲವೋ ಬೇರೆ ಮಾತು. ಆದರೆ ಆ ಬಾಗಿಲು ಮುಚ್ಚಿಕೊಳ್ಳುವ ಪದವಿ ತಗೊಳ್ಳಲು ಅವಳಿಗೂ ಮನಸ್ಸಿರಲಿಲ್ಲ.

ಮಾವನಿಗೆ ಸ್ವಲ್ಪ ಬೇಜಾರಾಯಿತು. ‘ಅಲ್ಲಿ ಬರೀ ಥಿಯರಿ, ಕೈಗೆ ಏನೂ ಬರಲ್ಲ’ ಅಂದರು. ಅದರಲ್ಲಿ ಸತ್ಯ ಇತ್ತು, ಹಾಗಾಗಿ ಅವಳು ಅದನ್ನು ತಲೆಯಲ್ಲಿಟ್ಟುಕೊಂಡಳು. ರಜೆಯಲ್ಲಿ ಮಾಚೇನಹಳ್ಳಿಯ ಒಂದು ಸಣ್ಣ ಮಷೀನ್ ಶಾಪಿನಲ್ಲಿ ಕೂತು ಕೆಲಸ ಕಲಿಯುತ್ತಾಳೆ. ಸಂಬಳ ಇಲ್ಲ, ಮಧ್ಯಾಹ್ನದ ಊಟ ಮಾತ್ರ.

ಬಿಇ ಸುಲಭವೇನೂ ಆಗಲಿಲ್ಲ. ಮೊದಲ ವರ್ಷ ಬಿಟ್ಟು ಬರುವುದರಿಂದ ಲ್ಯಾಟರಲ್ ಎಂಟ್ರಿಯವರಿಗೆ ಹೆಚ್ಚುವರಿ ಗಣಿತದ ವಿಷಯ ಇರುತ್ತದೆ. ಸಬ್ಜೆಕ್ಟ್ ಕೋಡಿನ ಅಕ್ಷರ ಹಿಡಿದು ಹುಡುಗರು ಅದನ್ನು ಮ್ಯಾಟ್‌ಡಿಪ್ ಅನ್ನುತ್ತಾರೆ. ಅದರ ಅಂಕ ಸಿಜಿಪಿಎಗೆ ಸೇರುವುದಿಲ್ಲ, ಆದರೆ ಪಾಸಾಗದೆ ಡಿಗ್ರಿ ಬರುವುದಿಲ್ಲ. ಡಿಪ್ಲೊಮಾದಲ್ಲಿ ಮುಂದಿದ್ದ ಎಷ್ಟೋ ಮಕ್ಕಳು ಎಡವುವುದು ಇಲ್ಲೇ. ಅವಳಿಗೂ ಒಂದು ಬ್ಯಾಕ್ ಉಳಿಯಿತು. ಪಿಯುಸಿಯಿಂದ ಬಂದವರು ಎರಡು ವರ್ಷ ಅರೆದು ಕುಡಿದ ಕ್ಯಾಲ್ಕುಲಸ್ ಇವಳಿಗೆ ಅಷ್ಟು ಆಳವಾಗಿ ಗೊತ್ತಿರಲಿಲ್ಲ. ಲೇಥ್ ಮುಂದೆ ನಿಲ್ಲಿಸಿದರೆ ಮಾತ್ರ ಇಡೀ ಕ್ಲಾಸು ಇವಳನ್ನು ಕೇಳುತ್ತದೆ.

ಅದೇ ಬ್ಯಾಚಿನ ಇನ್ನೊಬ್ಬ

ಇವಳ ಪಾಲಿಟೆಕ್ನಿಕ್ ಸಹಪಾಠಿ ಒಬ್ಬ ಸಾಗರದ ಕಡೆಯವನು. ಅವನು ಟೆಕ್ನಾಲಜಿ ಪದವಿಯನ್ನೇ ಆರಿಸಿದ, ಅದು ಸರಿಯಾದ ಆಯ್ಕೆಯೂ ಆಗಿತ್ತು. ಅವನ ಅತ್ತೆ ಎಷ್ಟೋ ವರ್ಷದ ಹಿಂದೆ ಹಾಕಿದ್ದ ಅರ್ಜಿಯಿಂದ ಇಡೀ ಮನೆಗೆ ಗ್ರೀನ್ ಕಾರ್ಡ್ ಬಂದಿತ್ತು. ಅಲ್ಲಿ ಹೋಗಿ ನೆಲೆಸಿದ ಮೇಲೆ ಅವನಿಗೆ ರಾಜ್ಯದೊಳಗಿನವರ ಫೀಸು, ಅದು ಹೊರಗಿನವರ ಫೀಸಿನ ಅರ್ಧಕ್ಕಿಂತ ಕಡಿಮೆ. ವೀಸಾ ಚಿಂತೆ ಇಲ್ಲ. ವಾಪಸ್ ಬಂದು ಕೆಪಿಸಿ ಸೇರುವ ಯೋಚನೆಯೂ ಇಲ್ಲ. ಮೊದಲು ಕಮ್ಯುನಿಟಿ ಕಾಲೇಜಿಗೆ ಸೇರಿಕೊಂಡ. ಅಲ್ಲಿಂದ ಕ್ರೆಡಿಟ್ ಒಂದೂ ನಷ್ಟವಾಗದೆ ಟೆಕ್ನಾಲಜಿ ಪದವಿಗೆ ದಾಟಿದ.

ಎಲ್ಲಕ್ಕಿಂತ ಮುಖ್ಯ, ಅವನಿಗೆ ಪಿಎಲ್‌ಸಿ ಅಂದರೆ ಪ್ರಾಣ. ಇಲ್ಲಿದ್ದಾಗಲೇ ಹಾಲಿನ ಡೇರಿಯ ಕನ್ವೇಯರಿಗೆ ಕಂಟ್ರೋಲ್ ಪ್ಯಾನೆಲ್ ಕಟ್ಟಿಕೊಟ್ಟಿದ್ದ. ಅದರ ಹಿಂದಿನ ಗಣಿತ ಯಾಕೆ ಹಾಗೆ ಅಂತ ಅವನು ಯಾವತ್ತೂ ಕೇಳಿದವನಲ್ಲ, ಕೇಳುವ ಅಗತ್ಯವೂ ಅವನಿಗಿಲ್ಲ. ಅವನನ್ನು ಎಳೆದು ತಂದು ಮ್ಯಾಟ್‌ಡಿಪ್ ಬರೆಸಿದ್ದರೆ ಎರಡು ವರ್ಷ ಸುಮ್ನೆ ಹಾಳಾಗುತ್ತಿತ್ತು. ಈಗ ಒಂದು ಪ್ಯಾಕೇಜಿಂಗ್ ಕಾರ್ಖಾನೆಯಲ್ಲಿ ಅರ್ಧ ದಿನ ಕೆಲಸ, ಅರ್ಧ ದಿನ ಓದು. ಅವನಿಗೆ ಪಿಇ ಲೈಸೆನ್ಸ್ ಬೇಕಾಗುವ ಸಂದರ್ಭ ಬರುವುದು ಕಷ್ಟ.

ಹುಡುಗಿ ಈಗ ಆರನೇ ಸೆಮಿಸ್ಟರ್. ಉಳಿದಿದ್ದ ಬ್ಯಾಕ್ ಹೋದ ಸಲ ಕ್ಲಿಯರ್ ಆಯಿತು. ಡಿಪ್ಲೊಮಾ ಮುಗಿಸಿದಾಗ ಡಿಇಟಿ, ಅಂದರೆ ಡಿಪ್ಲೊಮಾ ಟ್ರೈನಿ ಆಗಿ ಕರೆದಿದ್ದ ಬೆಂಗಳೂರಿನ ಕಂಪನಿ ಈಗ ಜಿಇಟಿ, ಅಂದರೆ ಪದವೀಧರ ಟ್ರೈನಿ ಹುದ್ದೆಗೆ ಕ್ಯಾಂಪಸ್ಸಿಗೆ ಬರುತ್ತಿದೆ, ಅವಳು ಹೆಸರು ಕೊಟ್ಟಿದ್ದಾಳೆ. ವೈಬ್ರೇಷನ್ ಎಲೆಕ್ಟಿವ್ ತಗೊಂಡಿದ್ದಾಳೆ. ಎಂಎಸ್ ಬಗ್ಗೆ ಮನೆಯಲ್ಲಿ ಇನ್ನೂ ಮಾತಾಗಿಲ್ಲ. ಈ ವರ್ಷದ ರಾಶಿ ಅಡಿಕೆ ಧಾರಣೆ ನೋಡಿಕೊಂಡು ಮಾತಾಡೋಣ ಅಂದಿದ್ದಾರಂತೆ ಅಪ್ಪ.